ಕೊರಿಯಾದ ಎಸೆಗಾರ ಬಂದ ವರ್ಷ

ಕೆಮ್ಮಣ್ಣು ಬಿಳಿ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಮೊದಲು ನೆನೆಹಾಕಬೇಕು, ಆಮೇಲೆ ಬಾರ್ ಸೋಪು ಉಜ್ಜಿ ಕಲ್ಲಿಗೆ ಬಡಿಯಬೇಕು. ಅಷ್ಟು ಮಾಡಿದರೂ ಮೊಣಕಾಲಿನ ಹತ್ತಿರ ತುಕ್ಕಿನ ಬಣ್ಣ ಉಳಿದೇ ಉಳಿಯುತ್ತದೆ. ವಿಂಡಾಳ ಬೆರಳ ಸಂದಿಗಳೆಲ್ಲ ಸೋಪು ತಿಂದು ಬಿರುಕು ಬಿಟ್ಟಿದ್ದವು. ಸುರ್ದೊನ ಬೇಸ್‌ಬಾಲ್ ಶಿಬಿರದ ಹುಡುಗರ ಬಟ್ಟೆಯನ್ನೆಲ್ಲ ಅವಳೊಬ್ಬಳೇ ಒಗೆಯಬೇಕು. ಒಗೆದಾದ ಮೇಲೆ ಅವರಿಗೆಲ್ಲ ಅನ್ನ, ಕೆಂಪು ಕಾಳಿನ ಸಾರು ಬೇಯಿಸಬೇಕು. ಸಂಬಳ ಇಲ್ಲ. ಮಗ ನೆಲ್ಕಿನ್‌ಗೆ ಅಲ್ಲಿ ಊಟ, ತರಬೇತಿ ಸಿಗುತ್ತದಲ್ಲ, ಅದೇ ಸಂಬಳ.

ಅಮೆರಿಕಕ್ಕೆ ದಕ್ಷಿಣದ ದ್ವೀಪವೊಂದರಲ್ಲಿ, ಸಾನ್ ಪೆದ್ರೊ ಪಟ್ಟಣದಿಂದ ಒಳಕ್ಕೆ, ಕಬ್ಬಿನ ನಡುವೆ ಇರುವ ಕೂಲಿಗಳ ಕೇರಿ ಅವರದು. ಸಕ್ಕರೆ ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿದೆ. ವಿಂಡಾಳ ಗಂಡ ಕಬ್ಬು ಕಡಿಯುತ್ತಲೇ ಬೆನ್ನು ಬಿದ್ದುಹೋಗಿ ಸತ್ತ. ಈ ಕೇರಿಯಲ್ಲಿ ಹುಟ್ಟಿದ ಗಂಡುಮಗುವಿಗೆ ಎರಡೇ ದಾರಿ. ಕೈಗೆ ಮಚ್ಚು ಬರಬೇಕು, ಇಲ್ಲ ಚೆಂಡು ಬರಬೇಕು. ಚೆಂಡು ಬಂದವನ ಮನೆಗೆ ಊರೆಲ್ಲ ಮರ್ಯಾದೆ ಕೊಡುತ್ತದೆ.

ಸುರ್ದೊನ ಕೈಗೂ ಒಂದು ಕಾಲದಲ್ಲಿ ಚೆಂಡು ಬಂದಿತ್ತು. ಎಡಗೈ ಎಸೆಗಾರ. ಅಮೆರಿಕದಲ್ಲಿ ಎರಡು ಬೇಸಿಗೆ ಆಡಿ, ಭುಜ ಹೋಗಿ, ಬರಿಗೈಯಲ್ಲಿ ವಾಪಸ್ ಬಂದ. ಈಗ ಹುಡುಗರನ್ನು ತಯಾರು ಮಾಡಿ ಅಮೆರಿಕದ ತಂಡಗಳಿಗೆ ಒಪ್ಪಿಸುವ ದಲ್ಲಾಳಿ. ಹುಡುಗ ಸಹಿ ಹಾಕಿದ ದಿನ ಬರುವ ದುಡ್ಡಿನಲ್ಲಿ ಮೂರರಲ್ಲೊಂದು ಪಾಲು ಅವನದು. ಅದನ್ನು ಅವನು ಮುಚ್ಚಿಟ್ಟವನೇ ಅಲ್ಲ, ಪಾಪ.

ನೆಲ್ಕಿನ್‌ಗೆ ಹದಿಮೂರು ತುಂಬಿದ ವರ್ಷ ಅರ್ಬಾಹೆ ಬಂದ. ದೊಡ್ಡದೊಂದು ತಂಡಕ್ಕೆ ಹುಡುಗರನ್ನು ಆರಿಸಿಕೊಡುವ ಸಾಹೇಬ ಅವನು. ಕಪ್ಪು ಕನ್ನಡಕ, ಇಸ್ತ್ರಿ ಮುರಿಯದ ಅಂಗಿ. ನೆಲ್ಕಿನ್ ಎಸೆದ ಒಂದೊಂದು ಚೆಂಡಿಗೂ ವೇಗ ಅಳೆಯುವ ಯಂತ್ರ ನೋಡಿ ತುಟಿ ಒತ್ತಿಕೊಳ್ಳುತ್ತಿದ್ದ. ಆಮೇಲೆ ನೇರ ವಿಂಡಾಳ ಅಡುಗೆಮನೆಗೇ ಬಂದು, ಪಾತ್ರೆಯ ತಳದ ಸೀಕು ಅನ್ನವನ್ನು ಕೆರೆದು ಹಾಕಿಸಿಕೊಂಡು ತಿಂದ.

"ದೋನ್ಯಾ ವಿಂಡಾ, ನಿಮ್ಮ ಮಗ ಇನ್ಮೇಲೆ ನಮ್ಮ ಮಗ. ಹದಿನಾರು ತುಂಬಿದ ಜನವರಿಗೆ ಸಹಿ. ಮೂರು ಲಕ್ಷ ಡಾಲರ್."

ದೋನ್ಯಾ ಎಂದರೆ ಅಮ್ಮಾವ್ರು; ವಿಂಡಾಳನ್ನು ಹಾಗೆ ಕರೆದವರೇ ಇರಲಿಲ್ಲ. ಆದರೂ ಕೇಳಿದಳು. "ಬರ್ದು ಕೊಡ್ತೀರಾ ಸ್ವಾಮಿ?"

ಅರ್ಬಾಹೆ ನಕ್ಕ. "ಹದಿನಾರು ತುಂಬೋ ತನಕ ಬರ್ದು ಕೊಡೋ ಹಂಗಿಲ್ಲ ದೋನ್ಯಾ. ಕಾನೂನು. ನಮ್ಮ ಕಸುಬು ನಡೆಯೋದೇ ಬಾಯ್ಮಾತಿನ ಮೇಲೆ. ಇಲ್ಲಿ ಮಾತು ತಪ್ಪಿದೋನು ಗಂಡ್ಸೇ ಅಲ್ಲ."

ಹೋಗುವಾಗ ನೆಲ್ಕಿನ್‌ನ ತಲೆಗೆ ತಂಡದ ಟೋಪಿ ಹಾಕಿಹೋದ. ಮಾರನೇ ವಾರದಿಂದ ಹುಡುಗ ಸ್ಕೂಲು ಬಿಟ್ಟ. ಬೆಳಿಗ್ಗೆಯೂ ಎಸೆ, ಸಂಜೆಯೂ ಎಸೆ. ಬೇರೆ ತಂಡದವರ ಜೀಪು ಬಂತೆಂದರೆ ಸುರ್ದೊ ಅವನನ್ನು ಅಡುಗೆಮನೆಗೆ ಅಟ್ಟಿ, ಅಕ್ಕಿಮೂಟೆಯ ಹಿಂದೆ ಕೂರಿಸುತ್ತಿದ್ದ. ಅರ್ಬಾಹೆಯ ಅಪ್ಪಣೆ ಹಾಗಿತ್ತು. ಒಬ್ಬ ಸಾಹೇಬ ಮಾತ್ರ ಹೇಗೋ ಪತ್ತೆಮಾಡಿ ವಿಂಡಾಳ ಮನೆಗೇ ಬಂದ. "ಅವರಿಗಿಂತ ಜಾಸ್ತಿ ಕೊಡ್ತೀವಿ" ಎಂದ. "ಮಾತು ಕೊಟ್ಟಾಯ್ತು ಸ್ವಾಮಿ" ಎಂದು ಕಾಫಿ ಕೊಟ್ಟು ಕಳಿಸಿದಳು. ಆ ದಿನವೆಲ್ಲ ಅವಳು ತಲೆಯೆತ್ತಿ ನಡೆದಳು. ಬಡವರಿಗೆ ಮಾತೇ ಆಸ್ತಿ ಎಂದು ನಮಗೆ ಹೇಳಿಕೊಟ್ಟವರು ಯಾರೋ ಗೊತ್ತಿಲ್ಲ. ಅವರು ಬಡವರಂತೂ ಆಗಿರಲಿಕ್ಕಿಲ್ಲ.

ನೆಲ್ಕಿನ್‌ಗೆ ಹದಿನಾರು ತುಂಬಿತು. ಜನವರಿಗೆ ಇನ್ನೊಂದೇ ತಿಂಗಳು.

ಡಿಸೆಂಬರ್ ಎಂದರೆ ಅಮೆರಿಕದಲ್ಲಿ ಆಟ ನಿಂತು ವ್ಯಾಪಾರ ಶುರುವಾಗುವ ಕಾಲ. ಯಾವ ತಂಡ ಯಾರನ್ನು ಕೊಂಡಿತು, ಯಾರನ್ನು ಕೊಟ್ಟು ಯಾರನ್ನು ತಂದಿತು, ಇದೇ ಸುದ್ದಿ. ಫೆಲೂಚೊನ ಅಂಗಡಿಯ ಟೀವಿ ಮುಂದೆ ಕೇರಿಗೆ ಕೇರಿಯೇ ನೆರೆಯುತ್ತಿತ್ತು.

"ಮೂರು ಎಳೇ ಹುಡುಗರ್ನ ಕೊಟ್ಟು ಒಬ್ಬ ಮುದುಕನ್ನ ತಂದವ್ರಲ್ಲೋ! ಹೋರಿ ಕೊಟ್ಟು ಗೊಡ್ಡೆಮ್ಮೆ ತಂದಂಗಾಯ್ತು!"

"ನೀನೇ ಹೋಗಿ ಬುದ್ಧಿ ಹೇಳ್ಬಾರ್ದಾ ಮಾವ? ನಿನ್ನ ಕೇಳ್ದೆ ಮಾಡ್ಬಿಟ್ರು ನೋಡು!"

ಅಂಥ ಒಂದು ಸಂಜೆ ಟೀವಿಯಲ್ಲಿ ಒಬ್ಬ ಕೊರಿಯಾದ ಎಸೆಗಾರ ಕಾಣಿಸಿದ. ಇಪ್ಪತ್ತಮೂರರ ಹುಡುಗ, ಬೆಂಕಿಯಂಥ ಎಸೆತ. ಎಲ್ಲ ತಂಡಗಳೂ ಅವನ ಹಿಂದೆ ಬಿದ್ದಿದ್ದವು. ಕೊನೆಗೆ ಅವನು ಒಂದು ಟೋಪಿ ಎತ್ತಿ ತಲೆಗಿಟ್ಟುಕೊಂಡ. ನೆಲ್ಕಿನ್‌ನ ತಂಡದ ಟೋಪಿ!

ಅಂಗಡಿ ಎದ್ದು ಕುಣಿಯಿತು. ಒಬ್ಬ ಎಣ್ಣೆ ಡಬ್ಬ ಬಡಿದ, ಇನ್ನೊಬ್ಬ ನೆಲ್ಕಿನ್‌ನನ್ನು ಹೆಗಲ ಮೇಲೆ ಹೊತ್ತ. "ಅವ್ವಾ, ಅವನೂ ನಾನೂ ಒಂದೇ ತಂಡ ಕಣವ್ವಾ!" ಎಂದು ಹುಡುಗ ಮೇಲಿನಿಂದಲೇ ಕೂಗಿದ. ವಿಂಡಾ ತನ್ನ ಹಳೇ ಲಂಗದ ತುದಿಯಲ್ಲೇ ಕಣ್ಣೊರೆಸಿಕೊಂಡು, ಬಂದವರಿಗೆಲ್ಲ ತನ್ನ ಲೆಕ್ಕದಲ್ಲಿ ಕಾಫಿ ಕೊಡಿಸಿದಳು.

ತಮ್ಮ ಅನ್ನ ಕಿತ್ತುಕೊಂಡವನಿಗೆ ತಾವೇ ಡಬ್ಬ ಬಡಿದು ಜೈ ಎಂದರು. ಅವರಿಗೇನು ಗೊತ್ತಿತ್ತು? ಗೊತ್ತಾಗದ ಹಾಗೆ ನೋಡಿಕೊಳ್ಳುವುದಕ್ಕೇ ಆ ತಂಡಗಳು ಜನರಿಗೆ ಸಂಬಳ ಕೊಡುತ್ತವೆ.

ವಾರ ಕಳೆಯುವುದರೊಳಗೆ ಸುರ್ದೊ ಬಂದ. ಬೈಕಿನಿಂದ ಇಳಿಯಲಿಲ್ಲ.

"ಅಕ್ಕಾ, ಆಗಲ್ವಂತೆ."

"ಏನು ಆಗಲ್ವಂತೆ?"

"ನೆಲ್ಕಿನ್‌ದು. ನೋಡು, ಹೊರದೇಶದ ಹುಡುಗರಿಗೆ ಅಂತ ಒಂದೊಂದು ತಂಡಕ್ಕೂ ವರ್ಷಕ್ಕಿಷ್ಟು ಅಂತ ದುಡ್ಡು ಗೊತ್ತು ಮಾಡವ್ರೆ. ಅದರ ಮೇಲೆ ಒಂದು ಕಾಸೂ ಬಿಚ್ಚೋ ಹಂಗಿಲ್ಲ. ಆ ಕೊರಿಯಾದೋನು ವಯಸ್ಸಲ್ಲಿ ಚಿಕ್ಕೋನು, ಅವನೂ ಅದೇ ಲೆಕ್ಕಕ್ಕೆ ಬಂದ. ಬರೋ ವರ್ಷದ ದುಡ್ಡು ಪೂರ್ತಿ ಅವನಿಗೇ ಸುರಿದವ್ರೆ."

ವಿಂಡಾಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ಸೋರುತ್ತಲೇ ಇತ್ತು. "ಬೇರೆ ತಂಡದೋರು? ಅವತ್ತು ಮನೆಗೆ ಬಂದಿದ್ನಲ್ಲ, ಆ ಸಾಹೇಬ?"

"ಅವರ ದುಡ್ಡೂ ಬೇರೆ ಹುಡುಗರಿಗೆ ಹಂಚಿಹೋಯ್ತು. ಇವನನ್ನ ನಾವೇ ಬಚ್ಚಿಟ್ಟಿದ್ವಲ್ಲಕ್ಕಾ. ಇವನ ಹೆಸರೇ ಯಾರಿಗೂ ಗೊತ್ತಿಲ್ಲ."

ಮಾರನೇ ದಿನ ಅವಳು ಪಟ್ಟಣದ ಬಸ್ಸು ಹತ್ತಿದಳು. ತಂಡದ ಅಕಾಡೆಮಿಗೆ ಎತ್ತರದ ಬೇಲಿ, ಒಳಗೆ ಹಸಿರು ಹುಲ್ಲು. ಕಾವಲಿನವನು ಒಳಗೆ ಬಿಡಲಿಲ್ಲ. ಬಿಸಿಲು ನೆತ್ತಿಗೆ ಬರುವ ತನಕ ನಿಂತ ಮೇಲೆ ಅರ್ಬಾಹೆಯೇ ಗೇಟಿಗೆ ಬಂದ.

"ಒಪ್ಪಂದ? ಯಾವ ಒಪ್ಪಂದ ದೋನ್ಯಾ?"

"ನನ್ನ ಅಡುಗೆಮನೇಲಿ ಕೂತು ಹೇಳಿದ್ರಲ್ಲ ಸ್ವಾಮಿ. ಮಾತು ತಪ್ಪಿದೋನು ಗಂಡ್ಸೇ ಅಲ್ಲ ಅಂದ್ರಲ್ಲ."

ಅರ್ಬಾಹೆ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಮೆತ್ತಗೆ ಮಾತಾಡಿ. ಹದಿನಾರಕ್ಕಿಂತ ಮುಂಚೆ ಒಪ್ಪಂದದ ಮಾತು ಆಡಿದ್ರೆ ತಪ್ಪು. ಆಡಿದ್ವಿ ಅಂತ ನೀವು ಹೇಳಿದ್ರೆ ನೀವೇ ತಪ್ಪು ಒಪ್ಕೊಂಡಂಗೆ. ವಿಚಾರಣೆ ಮಾಡ್ತಾರೆ, ನಿಮ್ಮ ಹುಡುಗನ್ನ ಆಟದಿಂದ ಆಚೆ ಹಾಕ್ತಾರೆ. ಅದು ಬೇಕಾ?" ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. "ಬಾಯಿ ಮುಚ್ಕೊಂಡಿರಿ. ಬೇಸಿಗೇಲಿ ಹತ್ತು ಸಾವಿರ ಉಳಿದ್ರೆ ನೋಡೋಣ."

ಮೂರು ಲಕ್ಷ ಹೋಗಿ ಬರೀ ಹತ್ತು ಸಾವಿರವಾಗಿತ್ತು. ಅದೂ ಉಳಿದರೆ. ಅದಕ್ಕೂ ಅವಳೇ ಕೈಮುಗಿಯಬೇಕು!

ಮನೆಗೆ ಬಂದರೆ ನೆಲ್ಕಿನ್ ಹಿತ್ತಲಲ್ಲಿದ್ದ. ಗೋಡೆಗೆ ಚೆಂಡು ಎಸೆಯುತ್ತಿದ್ದ. ಎಸೆದು ಎಸೆದು ಗೋಡೆಯ ಹಲಗೆ ಒಡೆದಿತ್ತು. ಮೊಣಕೈ ಊದಿಕೊಂಡಿತ್ತು.

"ಸಾಕು ಬಿಡ್ಲಾ!"

"ಇನ್ನೂ ಜೋರಾಗಿ ಎಸೀಬೇಕಿತ್ತು ಕಣವ್ವಾ," ಅವನು ತಿರುಗದೆಯೇ ಹೇಳಿದ. "ನಂದೇ ತಪ್ಪು. ಹೋದ ತಿಂಗಳು ಅರ್ಬಾಹೆ ಬಂದಾಗ ನಂಗೆ ಜ್ವರ ಇತ್ತು. ಸರಿಯಾಗಿ ಎಸೀಲಿಲ್ಲ. ಅದಕ್ಕೇ ಬೇಡ ಅಂದವ್ರೆ."

ವಿಂಡಾಳಿಗೆ ಆವರೆಗೆ ಬರೀ ಅಳು ಬರುತ್ತಿತ್ತು. ಈ ಮಾತು ಕೇಳಿ ಅಳು ಹೋಗಿ ಸಿಟ್ಟು ಬಂತು. ಮೋಸ ಮಾಡಿದವನು ತಣ್ಣಗೆ ಕತ್ತು ಒರೆಸಿಕೊಂಡು ನಿಂತಿದ್ದಾನೆ. ಮೋಸ ಹೋದ ಕೂಸು ತಪ್ಪು ತನ್ನದೆಂದು ತೋಳು ಮುರಿದುಕೊಳ್ಳುತ್ತಿದೆ.

ಜನವರಿ ಬಂತು. ಪಟ್ಟಣದಲ್ಲಿ ಸಹಿ ಹಾಕಿದ ಹುಡುಗರು ಕೇಕು ಕತ್ತರಿಸಿದರು. ನೆಲ್ಕಿನ್‌ನ ಎಸೆತ ಸಾಲಲಿಲ್ಲವೇನೋ ಎಂದು ಕೇರಿ ಅಂದುಕೊಂಡಿತು, ಮಗನ ಆಟ ಹೋದೀತೆಂಬ ಹೆದರಿಕೆಗೆ ವಿಂಡಾ ನಿಜ ಹೇಳಲಿಲ್ಲ. ತಿಂಗಳ ಕೊನೆಗೆ ಸುರ್ದೊ ಮತ್ತೆ ಬಂದ. ಈ ಸಲ ಬೈಕಿನಿಂದ ಇಳಿದ.

"ಅಕ್ಕಾ, ನಾಳಿದ್ದು ಅರ್ಬಾಹೆ ಬರ್ತಾನೆ. ಜೊತೆಗೆ ಅಮೆರಿಕದ ಅವನ ಮೇಲ್ನೋನೂ ಬರ್ತಾನೆ. ಚಿಕ್ಕ ಹುಡುಗರ್ನ ನೋಡಕ್ಕೆ. ನೀನು ಆಡಿನ ಮಾಂಸ ಮಾಡ್ಬೇಕು. ನೆಲ್ಕಿನ್ ಬಂದು ಚಿಕ್ಕೋರಿಗೆ ನಿಧಾನಕ್ಕೆ ಚೆಂಡು ಹಾಕ್ಲಿ. ಅವರು ಚೆನ್ನಾಗಿ ಹೊಡೆದಂಗೆ ಕಾಣ್ಬೇಕು."

"ಥೂ, ನಾಚ್ಕೆ ಆಗಲ್ವೇನೋ ನಿಂಗೆ? ನೀನೂ ಅಲ್ಲಿಂದ್ಲೇ ಭುಜ ಮುರ್ಕೊಂಡು ಬಂದೋನಲ್ವಾ?"

ಸುರ್ದೊ ನೆಲ ನೋಡಿದ. "ಆಗತ್ತಕ್ಕಾ. ಹೊಟ್ಟೆ ಕೇಳ್ಬೇಕಲ್ಲ. ಬೇಸಿಗೇದು ಆ ಹತ್ತು ಸಾವಿರಕ್ಕಾದ್ರೂ ಬಾ."

ಅವಳು ಹೋದಳು. ಮಾಂಸ ಬೇಯಿಸಿದಳು. ಮೈದಾನದ ಅಂಚಿಗೆ ಹುಡುಗರ ತಾಯಂದಿರು ನಿಂತಿದ್ದರು. ನೆಲ್ಕಿನ್ ಊದಿದ ಕೈಯಲ್ಲೇ, ಮೈದಾನದ ನಡುವೆ ಎಸೆಗಾರ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಹಾಕುತ್ತಿದ್ದ. ಆ ತಾಯಂದಿರಲ್ಲೊಬ್ಬಳಾದ ಯೊಕಾಸ್ತಾಳ ಹನ್ನೆರಡರ ಮಗ ಅದನ್ನು ಕಬ್ಬಿನ ಗದ್ದೆಗೆ ಹಾರಿಸುತ್ತಿದ್ದ. ಬಿಳಿಯ ಸಾಹೇಬ ತಲೆಯಾಡಿಸಿದ. ಅರ್ಬಾಹೆ ಎದ್ದು, ನಗುತ್ತ, ಯೊಕಾಸ್ತಾಳ ಹತ್ತಿರ ಹೋದ.

"ದೋನ್ಯಾ, ನಿಮ್ಮ ಮಗ ಇನ್ಮೇಲೆ ನಮ್ಮ ಮಗ."

ವಿಂಡಾ ಸೌಟು ಕೆಳಗಿಟ್ಟಳು. ಯಾರನ್ನೂ ನೋಡದೆ ಮೈದಾನದ ನಡುವೆ ನಡೆದು, ದಿಬ್ಬ ಹತ್ತಿ, ಮಗನ ಎದುರು ನಿಂತಳು.

"ಮಗಾ, ನಾನು ಈಗ ಬಾಯಿ ಬಿಟ್ರೆ ನಿನ್ನ ಆಟ ಹೋಯ್ತದೆ. ಹೇಳ್ಲಾ?"

ನೆಲ್ಕಿನ್ ಯೊಕಾಸ್ತಾಳ ಮಗನ ಕಡೆ ನೋಡಿದ. ಅರ್ಬಾಹೆ ಅವನ ತಲೆಗೆ ತಂಡದ ಟೋಪಿ ಹಾಕುತ್ತಿದ್ದ. ನೆಲ್ಕಿನ್ ಚೆಂಡು ಕೆಳಗೆ ಹಾಕಿದ. "ಹೇಳವ್ವಾ. ನಂಗೆ ಯಾರೂ ಹೇಳ್ಲಿಲ್ಲ. ಅವನಿಗಾದ್ರೂ ಗೊತ್ತಾಗ್ಲಿ."

ವಿಂಡಾ ದಿಬ್ಬದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತಳು. "ಯೊಕಾಸ್ತಾ! ಇದೇ ಮಾತು ನಂಗೂ ಹೇಳಿದ್ದ ಕಣೇ! ಮೂರು ವರ್ಷ ನನ್ನ ಮಗನ್ನ ಅಕ್ಕಿಮೂಟೆ ಹಿಂದೆ ಬಚ್ಚಿಟ್ಟ. ಕೊರಿಯಾದೋನು ಬಂದ ತಕ್ಷಣ ಯಾವ ಒಪ್ಪಂದ ಅಂದ. ನಾಳೆ ಇನ್ಯಾವನೋ ಬರ್ತಾನೆ, ನಿನ್ನ ಮಗನ್ನೂ ಆಚೆ ತಳ್ತಾನೆ! ಸಾಕ್ಷಿ ಹಾಕಿ ಬರ್ದು ಕೊಡೋ ಗಂಟ ಒಬ್ಬನೂ ಎಸೀಬಾರ್ದು!"

ಅಮೆರಿಕದವನು ಏನೆಂದು ಕೇಳಿದ. ಅರ್ಬಾಹೆ ಇಂಗ್ಲಿಷಿನಲ್ಲಿ ಏನೋ ಉಸುರಿ, ತಲೆಯ ಪಕ್ಕ ಬೆರಳು ತಿರುಗಿಸಿದ. ಹುಚ್ಚಿ ಎಂದ. ಅದಕ್ಕೆ ಭಾಷೆ ಬೇಕಿರಲಿಲ್ಲ, ಎಲ್ಲ ತಾಯಂದಿರಿಗೂ ಅರ್ಥವಾಯಿತು. ಯೊಕಾಸ್ತಾ ಮಗನ ತಲೆಯಿಂದ ಟೋಪಿ ಕಿತ್ತು ಅರ್ಬಾಹೆಯ ಎದೆಗೆ ಎಸೆದು, ಬಂದು ವಿಂಡಾಳ ಪಕ್ಕ ಕೂತಳು. ಇನ್ನೊಬ್ಬಳು ಬಂದಳು. ದಿಬ್ಬದ ಮೇಲೆ ಜಾಗ ಸಾಲದೆ ಉಳಿದವರು ಸುತ್ತ ಕೂತರು. ಸುರ್ದೊ ತಲೆ ಮೇಲೆ ಕೈಹೊತ್ತು ನಿಂತಿದ್ದ, ಎಬ್ಬಿಸಲು ಮಾತ್ರ ಬರಲಿಲ್ಲ.

"ಕೂತ್ಕೊಳ್ಳಿ, ಕೂತ್ಕೊಳ್ಳಿ!" ಅರ್ಬಾಹೆ ಈಗ ನಗುತ್ತಿರಲಿಲ್ಲ. "ಈ ದೇಶದಲ್ಲಿ ಮೈದಾನಕ್ಕೆ ಬರವಾ? ಕಬ್ಬಿನಾಚೆಗೇ ಇನ್ನೊಂದದೆ. ಅಲ್ಲಿ ಹುಡುಗರು ಕಾಯ್ತಾವ್ರೆ. ನೀವಿಲ್ಲೇ ಬಿಸಿಲು ಕಾಯಿಸ್ಕೊಳ್ಳಿ."

ಅವನು ಹೇಳಿದ್ದು ನಿಜವೇ. ಅವರಿಗೆ ಯಾವತ್ತೂ ಇನ್ನೊಂದು ಮೈದಾನ ಇರುತ್ತದೆ, ಇನ್ನೊಬ್ಬ ತಾಯಿ ಇರುತ್ತಾಳೆ. ಜೀಪು ಧೂಳೆಬ್ಬಿಸಿ ಹೊರಟಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅವನು ರೋಡಲ್ಲಿ ಸುತ್ತಿ ಹೋಗ್ಬೇಕು," ಎಂದ ನೆಲ್ಕಿನ್. "ಕಬ್ಬು ಸಾಗಿಸ್ತಿದ್ದ ರೈಲಿನ ಹಳೇ ಹಳಿ ಹಿಡಿದ್ರೆ ನಾವೇ ಮುಂಚೆ ಸೇರ್ತೀವಿ."

ವಿಂಡಾ ಎದ್ದು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹುಡುಗರು ಮುಂದೆ ಓಡಿದರು, ತಾಯಂದಿರು ಹಿಂದೆ. ಕಬ್ಬಿನ ಗರಿ ಮುಖ ಕುಯ್ಯುತ್ತಿತ್ತು. ಯಾರೂ ನಿಲ್ಲಲಿಲ್ಲ. ಆಚೆ ಕೇರಿಯ ಹೆಂಗಸರು ಏನಾಯಿತೋ ಎಂದು ಹೆದರಿ ಹೊರಗೆ ಬಂದರು. ಏದುಸಿರಿನಲ್ಲೇ ವಿಂಡಾ ಹೇಳಿದಳು. ಅವರಲ್ಲೊಬ್ಬಳು ಮಾತು ಮುಗಿಯುವ ಮುಂಚೆಯೇ ಬಿಕ್ಕಿದಳು. ಅವಳ ಮಗನಿಗೂ ಅರ್ಬಾಹೆ ಮಾತು ಕೊಟ್ಟಿದ್ದ. ಅವನಿಗೂ ಅದೇ ಜನವರಿ, ಅದೇ ದುಡ್ಡು.

ಜೀಪು ಬಂದು ನಿಂತಾಗ ದಿಬ್ಬದ ಮೇಲೆ ಎರಡು ಕೇರಿಯ ಹೆಂಗಸರು ಕೂತಿದ್ದರು. ಅವರ ಹಿಂದೆ ಎರಡು ಕೇರಿಯ ಹುಡುಗರು ಬರಿಗೈಯಲ್ಲಿ ನಿಂತಿದ್ದರು. ಅರ್ಬಾಹೆ ಬಾಗಿಲು ತೆರೆದವನು ಒಂದು ಕಾಲು ಕೆಳಗಿಟ್ಟು, ಇನ್ನೊಂದನ್ನು ಇಡಲಿಲ್ಲ.

"ಬನ್ನಿ ಸ್ವಾಮಿ," ವಿಂಡಾ ಕೂತಲ್ಲಿಂದಲೇ ಕರೆದಳು. "ಮುಂದಿನ ಮೈದಾನ ಯಾವ್ದು ಅಂತ ಹೇಳ್ಬಿಟ್ಟು ಹೋಗಿ. ಅಲ್ಲಿಗೂ ಬರ್ತೀವಿ."