ಶುಭಂ ಮೇಷ್ಟ್ರ ಹೊಟ್ಟೆಕಿಚ್ಚು

ಯಾವುದನ್ನೂ ಅರ್ಧಕ್ಕೆ ಬಿಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಯೇ ಹೊಸ್ತಿಲು ದಾಟುವರು, ಎದುರಿನವರ ಮಾತು ತಡವರಿಸಿದರೆ ಅದನ್ನೂ ತಾವೇ ಪೂರ್ತಿಮಾಡಿ, "ಅಷ್ಟೇ ತಾನೆ?" ಎಂದು ಮುಂದೆ ನಡೆಯುವರು. ಟೀವಿಗೆ ಅವರು ಬರೆದ ಪತ್ತೇದಾರಿ ಕಥೆಗಳೂ ಹಾಗೆಯೇ: ವಾರಕ್ಕೊಂದು ಕೊಲೆ, ಅರ್ಧ ಗಂಟೆಯೊಳಗೆ ಕೊಲೆಗಾರನ ಕೈಗೆ ಕೋಳ, ಮುಂದಿನ ವಾರಕ್ಕೆ ಚೂರೂ ಬಾಕಿಯಿಲ್ಲ. ಅಂತ್ಯವನ್ನು ಮೊದಲು ಬರೆದುಕೊಂಡು ಆಮೇಲೆ ಆರಂಭವನ್ನು ಹುಡುಕುವ ಆ ವಿಲಕ್ಷಣ ಕ್ರಮಕ್ಕಾಗಿ ಸ್ಟುಡಿಯೋದವರು ಅವರಿಗಿಟ್ಟ ಹೆಸರು ಶುಭಂ ಮೇಷ್ಟ್ರು.

ಕಾಲ ಬದಲಾಯಿತು. ಒಂದೇ ಕಥೆ ವರ್ಷಗಟ್ಟಲೆ ಹರಿಯಬೇಕೆಂದರು ಚಾನೆಲ್ಲಿನವರು. ಹಾಗೆ ಹರಿಸಬಲ್ಲವನು ಹೊರಗಿನವನಾಗಿದ್ದರೆ ಮೇಷ್ಟ್ರು ಹೇಗೋ ಸಹಿಸುತ್ತಿದ್ದರೇನೋ. ಆತ ಒಡಹುಟ್ಟಿದ ತಮ್ಮ, ಅವರ ಕೈಕೆಳಗೇ ಬರೆಯಲು ಕಲಿತವನು. ದಾಯಾದಿ ಮತ್ಸರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅದಕ್ಕೂ ಮಿಗಿಲಾದ ಉರಿ ಸ್ವಂತ ಮನೆಯಲ್ಲಿತ್ತು. ಗಂಡನ ಕಥೆ ನಡೆಯುವಾಗ ಪಾತ್ರೆ ತೊಳೆಯುತ್ತ, "ಮುಗೀತಾ?" ಎಂದಷ್ಟೇ ಕೇಳುತ್ತಿದ್ದ ಹೆಂಡತಿ, ಈಗ ಮೈದುನನ ಧಾರಾವಾಹಿಯ ನರ್ಸ್ ಎಚ್ಚರ ತಪ್ಪಿ ಮಲಗಿದ ವಾರವಿಡೀ ಊಟ ಸೇರದೆ ಓಡಾಡಿದಳು.

"ರೀ, ನಿಮ್ಮ ತಮ್ಮನ್ನ ಒಂದ್ ಮಾತು ಕೇಳ್ರೀ, ಆ ಹುಡುಗಿ ಉಳೀತಾಳಾ?"

ತಮ್ಮ ಫೋನಿನಲ್ಲಿ ನಕ್ಕ. "ನನಗೇ ಗೊತ್ತಿಲ್ಲ ಅಣ್ಣ, ಇನ್ನೂ ಯೋಚಿಸಿಲ್ಲ."

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಅಂತ್ಯವೇ ಗೊತ್ತಿಲ್ಲದವನ ಕಥೆಗಾಗಿ ತನ್ನ ಹೆಂಡತಿ ಅನ್ನ ಬಿಟ್ಟಿದ್ದಾಳೆ. ಫೋನಿಟ್ಟು ಬಂದವರು ತಣ್ಣಗೆ ಹೇಳಿದರು: "ಸಾಯ್ತಾಳಂತೆ. ಅವಳಮ್ಮನ ಕನ್ನಡಕ ಕೈಯಲ್ಲಿ ಹಿಡ್ಕೊಂಡು."

ಆಕೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಾವು ಕಟ್ಟಿದ ಅಂತ್ಯಕ್ಕೆ ಆಕೆ ಅತ್ತದ್ದು ಅದೇ ಮೊದಲು. ಮೇಷ್ಟ್ರು ಅಂದು ಎರಡು ತುತ್ತು ಹೆಚ್ಚೇ ಉಂಡರು.

ಮುಂದಿನ ವಾರ ನರ್ಸ್ ಕಣ್ಣು ಬಿಟ್ಟಳು.

"ಸಾಯಿಸ್ಬೇಕು ಅಂತಿದ್ದೋನು ಮನಸ್ಸು ಬದಲಾಯಿಸಿದಾನೆ ನೋಡ್ರೀ," ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ಎಂಥ ಕರುಳು ನಿಮ್ಮ ತಮ್ಮಂದು."

ಆ ಸಾವು ನಾನೇ ಕಟ್ಟಿದ್ದು ಎನ್ನುವಂತಿರಲಿಲ್ಲ; ಎಂದರೆ ಸುಳ್ಳುಗಾರನಾಗಬೇಕಿತ್ತು. ಮೇಷ್ಟ್ರು ಕುರ್ಚಿಯನ್ನು ಆಕೆಯ ಪಕ್ಕಕ್ಕೆ ಎಳೆದುಕೊಂಡು ಕೂತರು.

ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿಕೊಡುವ ಸಜ್ಜನರ ಪಾಡೇ ಇಷ್ಟು. ಲೋಕ ಅವರನ್ನು ಮೆಚ್ಚುತ್ತದೆ, ಮೆಚ್ಚಿ ಎದ್ದು ಹೋಗುತ್ತದೆ. ಕಾದು ಕುಳಿತವರ ಪ್ರೀತಿ ಕಾಯಿಸಿದವರಿಗೇ ಸಲ್ಲುವುದು. ಯಾರನ್ನೂ ಕಾಯಿಸದೆ ಬಾಳಿದವರು ಅದನ್ನು ಪಕ್ಕದ ಕುರ್ಚಿಯಲ್ಲಿ ಕೂತು ನೋಡಬೇಕು.