ಮುತ್ಯಾನ ಹೆಸರಿನ ಕಲ್ಲಂಗಡಿ

ನಮ್ಮಪ್ಪ ಜಗದೇವಪ್ಪ ನನ್ನ ಗಂಡನ ಮನೆಗೆ ಬರುವಾಗ ಕುಡಿಯುವ ನೀರನ್ನೂ ತನ್ನೂರು ನಿಂಬರ್ಗಾದಿಂದಲೇ ತರುತ್ತಿದ್ದ. ನಮ್ಮದು ಭೀಮಾ ದಂಡೆಯ ಊರು, ಹಿತ್ತಲ ಬಾಗಿಲು ತೆಗೆದರೆ ಹೊಳೆ. ಅಂಥ ಊರಿಗೆ ಅವನು ತಗಡಿನ ಡಬ್ಬಿಯಲ್ಲಿ ಬೇಳೆಯೂ ಬೇಯದ ತನ್ನ ಬಾವಿಯ ಸವಳು ನೀರು, ಬಟ್ಟೆಯ ಗಂಟಿನಲ್ಲಿ ಅವ್ವ ಬಡಿದು ಕೊಟ್ಟ ರೊಟ್ಟಿ, ಎರಡನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ.

ನಮ್ಮ ತವರು ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮಗಳ ಹೊಟ್ಟೆಯಲ್ಲಿ ಗಂಡು ಹುಟ್ಟುವವರೆಗೆ ತಂದೆಯಾದವನು ಅವಳ ಮನೆಯಲ್ಲಿ ಒಂದು ತುತ್ತು ಉಣ್ಣಬಾರದು, ಒಂದು ಗುಟುಕು ಕುಡಿಯಬಾರದು, ಅಲ್ಲಿಂದ ಒಂದು ಕಾಳನ್ನೂ ಒಯ್ಯಬಾರದು. ನನಗೆ ಹುಟ್ಟಿದವಳು ಭಾಗ್ಯವಂತಿ ಒಬ್ಬಳೇ. ಆಚೆ ದಂಡೆಯ ಘತ್ತರಗಿಯ ದೇವಿಯ ಹೆಸರನ್ನೇ ಇಟ್ಟಿದ್ದೆವು. ಅವಳಿಗೆ ಹತ್ತು ತುಂಬಿದರೂ ಮತ್ತೆ ನನ್ನ ಮಡಿಲು ತುಂಬಿರಲಿಲ್ಲ. ಅಪ್ಪ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬರುತ್ತಿದ್ದ, ಕಟ್ಟೆಯ ಮೇಲೆ ಕೂತು ತನ್ನ ಗಂಟು ತಾನೇ ಬಿಚ್ಚಿ ಉಣ್ಣುತ್ತಿದ್ದ. ಒಳಗೆ ನಾನು ಹೊಳೆಯ ನೀರಿನಲ್ಲಿ ಬೆಣ್ಣೆಯ ಹಾಗೆ ಬೆಂದ ಬೇಳೆಯನ್ನು ಮುಂದಿಟ್ಟುಕೊಂಡು ನಿಂತಿರುತ್ತಿದ್ದೆ.

ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ ಭಾಗ್ಯ ತನಗೂ ಉಸುಕಿನಲ್ಲಿ ಜಾಗ ಬೇಕೆಂದು ಹಟ ಹಿಡಿದಳು. ಹೊಳೆ ಇಳಿದ ಮೇಲೆ ನಮ್ಮೂರ ಹೆಂಗಸರು ಉಸುಕಿನಲ್ಲಿ ಗುಣಿ ತೋಡಿ, ಗೊಬ್ಬರ ಹಾಕಿ ಕಲ್ಲಂಗಡಿ ಹಚ್ಚುತ್ತಾರೆ. ನಮ್ಮ ಸಾಲಿನ ಕೊನೆಯ ಎರಡು ಗುಣಿಗಳನ್ನು ಅವಳಿಗೆ ಬಿಟ್ಟೆ. ಒರತೆಯಿಂದ ಚೆರಿಗೆಯಲ್ಲಿ ನೀರು ಹೊತ್ತು ಹಾಕಿ ಬೆಳೆಸಿದಳು. ಒಂದು ಕಾಯಿ ಮುಷ್ಟಿಯಷ್ಟಾದಾಗ ಜಾಲಿಯ ಮುಳ್ಳಿನಿಂದ ಅದರ ಮೇಲೆ, ಅಜ್ಜನನ್ನು ಕರೆಯುವ ಹಾಗೆಯೇ, ‘ಮುತ್ಯಾ’ ಎಂದು ಗೀಚಿದಳು. ಕಾಯಿ ದೊಡ್ಡದಾದಂತೆ ಅಕ್ಷರಗಳೂ ದೊಡ್ಡವಾದವು. ಕೊನೆಗೆ ಗೇಣಗಲದ ಬಿಳಿ ಅಕ್ಷರಗಳು ದೂರದಿಂದಲೇ ಕಾಣುತ್ತಿದ್ದವು.

ರೋಹಿಣಿ ಮಳೆಯ ದಿನಗಳು. ಇವರು ಬೀಜ ತರಲು ಜೇವರ್ಗಿಗೆ ಹೋಗಿದ್ದರು. ಅಪ್ಪ ಘತ್ತರಗಿಯಲ್ಲಿ ಬಸ್ಸಿಳಿದು, ದೇವಿಗೆ ಕೈಮುಗಿದು, ಒಣಗಿದ ಹೊಳೆಯನ್ನು ನಡೆದೇ ದಾಟಿ ಬಂದ. ಚೀಲ ಕಟ್ಟೆಯ ಮೇಲಿಟ್ಟು ಕೂರುವುದರೊಳಗೆ ಭಾಗ್ಯ ಅವನ ಮುಂದೆ ನಿಂತಿದ್ದಳು.

“ಮುತ್ಯಾ, ನಿನ್ನ ಹೆಸರಿಂದು ಒಂದು ಕಾಯಿ ಅದ. ಇವತ್ತ ಕೊಯ್ತೀನಿ. ನೀ ತಿನ್ನಬೇಕು.”

“ನಾ ತಿನ್ನಂಗಿಲ್ಲವ್ವ. ನೀನ ತಿನ್ನು, ನಾ ನೋಡ್ತೀನಿ.”

“ಯಾಕ? ನಾ ಹಚ್ಚೀನಿ, ನಾ ನೀರ ಹಾಕೀನಿ.”

“ನಿನಗೊಬ್ಬ ತಮ್ಮ ಬರ್ಲಿ, ಆಮ್ಯಾಲ ಹೊಟ್ಟಿ ತುಂಬ ತಿಂತೀನಿ.”

“ತಮ್ಮ ಬಂದ್ರ ಅವನ ಗುಣಿ ಅವ ತೋಡ್ಲಿ. ಇದು ನಂದು.”

ಬಾಗಿಲಲ್ಲಿ ತೊಗರಿ ಕೇರುತ್ತಿದ್ದ ನಮ್ಮತ್ತೆ ಹೀರಾಬಾಯಿ ಮೊರ ನಿಲ್ಲಿಸಿ ನಕ್ಕರು. “ಬೀಗರ, ನೀವು ವರ್ಷಾ ವರ್ಷಾ ಹೊಳಿಗಿ ನೀರ ಹೊತ್ಕೊಂಡು ಬರೋದು ನೋಡಿ ಊರಾಗ ನಗ್ತಾರ್ರಿ.”

“ನಗ್ಲಿ ಬಿಡ್ರಿ. ಹಿರಿಯಾರು ಮಾಡಿಟ್ಟದ್ದು,” ಎಂದ ಅಪ್ಪ. ಆದರೆ ಮೊಮ್ಮಗಳ ಮುಖವನ್ನು ನೋಡಲಿಲ್ಲ.

ಅಷ್ಟರಲ್ಲಿ ಹೊಳೆಯ ಕಡೆಯಿಂದ ದೋಣಿಯ ಹುಸೇನಪೀರ ಏದುಸಿರು ಬಿಡುತ್ತ ಓಡಿ ಬಂದ. ಮಳೆಗಾಲದಲ್ಲಿ ಎರಡೂ ದಂಡೆಯ ಜನರನ್ನು ದಾಟಿಸುವವನು ಅವನೇ.

“ಅಕ್ಕಾ, ಹೊಳಿ ಬರಾಕತ್ತದ. ಮ್ಯಾಗ ಜೋರ ಮಳಿ ಆಗ್ಯದಂತ, ನೀರ ಬರೋದು ಬಸ್ಸಿನ ಡ್ರೈವರ ಕಣ್ಣಾರೆ ನೋಡ್ಯಾನ. ಎರಡ ತಾಸಿನ್ಯಾಗ ಇಲ್ಲಿರ್ತದ. ಕಾಯಿ ತಕ್ಕೋರಿ.” ಅಪ್ಪನ ಕಡೆ ತಿರುಗಿ, “ಗೌಡ್ರ, ನೀವ ಈಗಿಂದೀಗ ದಾಟಿಬಿಡ್ರಿ. ಹೊಸ ನೀರಾಗ ಮರಾ ಕೊಡ್ಡಾ ತೇಲಿ ಬರ್ತಾವ, ಮೂರ ದಿನಾ ನಾ ದೋಣಿ ಬಿಡಂಗಿಲ್ಲ,” ಎಂದ.

ಮೂರು ದಿನ. ಅಪ್ಪನ ಚೀಲದಲ್ಲಿದ್ದದ್ದು ಒಂದು ಹೊತ್ತಿನ ರೊಟ್ಟಿ. ಅವನು ತಟ್ಟನೆ ಎದ್ದು ಚೀಲವನ್ನು ಹೆಗಲಿಗೇರಿಸಿದ. ನಾನು ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ಎರಡು ಬುಟ್ಟಿ ತೆಗೆದುಕೊಂಡೆ. ಅವನ ದಾರಿಯೂ ಉಸುಕಿನಲ್ಲೇ, ನಮ್ಮ ದಾರಿಯೂ ಉಸುಕಿನಲ್ಲೇ. ಎಲ್ಲರೂ ಕೂಡಿಯೇ ಇಳಿದೆವು.

ಊರೇ ಹೊಳೆಗೆ ಇಳಿದಿತ್ತು. ಯಾರೋ ಒರತೆಯ ಬಳಿ ಬಿಟ್ಟ ಕೊಡ ಹುಡುಕುತ್ತಿದ್ದರು, ಯಾರೋ ಎತ್ತಿನ ಬಂಡಿಯನ್ನೇ ಉಸುಕಿಗೆ ಇಳಿಸಿದ್ದರು. ಕುಡುಗೋಲಿನಿಂದ ಬಳ್ಳಿ ಕತ್ತರಿಸುವ ಸದ್ದು, ಕಾಯಿ ಬುಟ್ಟಿಗೆ ಬೀಳುವ ಸದ್ದು, ನಗು, ಬೈಗುಳ. ಮೊದಲ ನೀರು ಎಂದರೆ ನಮ್ಮೂರಿಗೆ ಹಾಗೆಯೇ. ಕಾಯಿ ಹೋದೀತೆಂಬ ಹೆದರಿಕೆ ಒಂದು ಕಡೆ, ಹೊಳೆ ಬಂತೆಂಬ ಹಿಗ್ಗು ಒಂದು ಕಡೆ.

ಅಪ್ಪ ನಮ್ಮ ಸಾಲು ದಾಟಿ ನಾಲ್ಕು ಹೆಜ್ಜೆ ಮುಂದೆ ಹೋದವನು ತಿರುಗಿ ನೋಡಿದ. ಭಾಗ್ಯ ತನ್ನ ತೂಕದಷ್ಟೇ ಇದ್ದ ಬುಟ್ಟಿಯನ್ನು ಎಳೆಯುತ್ತಿದ್ದಳು. ಅವನು ಚೀಲವನ್ನು ಉಸುಕಿನ ದಿಬ್ಬದ ಮೇಲಿಟ್ಟ.

“ಒಂದ ಸಲ ಹೊತ್ತ ಹಾಕಿ ಹೋಗ್ತೀನಿ, ತಡಿ,” ಎಂದ.

ಒಂದು ಸಲ ಹೊತ್ತು ಹಾಕಿದ. ಇಳಿದು ಬಂದ. ತಲೆಯ ರುಮಾಲು ಬಿಚ್ಚಿ, ಜೋಳಿಗೆ ಮಾಡಿ, ಅದರಲ್ಲಿ ನಾಲ್ಕು ಕಾಯಿ ಕಟ್ಟಿದ. ಮತ್ತೆ ಏರಿದ, ಮತ್ತೆ ಇಳಿದ. ಧೋತರ ಮೊಣಕಾಲಿಗೆ ಬಂದಿತ್ತು, ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ನಿಂಬರ್ಗಾದಲ್ಲಿ ಕಂಡರೆ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ ಇಲ್ಲಿ ನಮ್ಮತ್ತೆಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ.

“ಅದನ್ಯಾಕ ತಂದ್ರಿ ಬೀಗರ, ಹಸಿ ಕಾಯಿ. ಬಡದ ನೋಡಬೇಕ್ರಿ.”

“ನಮ್ಮ ಕಡಿ ತೊಗರಿ ಬಡಿತೀವಿ, ಕಲ್ಲಂಗಡಿ ಬಡಿಯಂಗಿಲ್ರಿ.”

ನಾನು ಬಗ್ಗಿ ಬಳ್ಳಿ ಕತ್ತರಿಸುತ್ತ ನೆರಳು ನೋಡುತ್ತಿದ್ದೆ. ಒಂದೂವರೆ ತಾಸು ಆಗಿತ್ತು. ಈಗ ಹೊರಟರೆ ಆಚೆ ದಂಡೆ ಸಿಗುತ್ತದೆ, ಇನ್ನು ಸ್ವಲ್ಪ ತಡೆದರೆ ಇಲ್ಲ. ಹೇಳಬೇಕಾದವಳು ನಾನು. ಬಾಯಿ ತೆರೆದೆ. ಅತ್ತೆ ನನ್ನ ಕಡೆ ನೋಡಿದರು, ಬೇಡವೆಂದು ತಲೆಯಾಡಿಸಿದರು. ನಾನು ಬಾಯಿ ಮುಚ್ಚಿಕೊಂಡು ಮುಂದಿನ ಬಳ್ಳಿಗೆ ಕುಡುಗೋಲು ಹಾಕಿದೆ.

ಮೊದಲು ವಾಸನೆ ಬಂತು, ಕಾದ ನೆಲಕ್ಕೆ ನೀರು ಬಿದ್ದ ವಾಸನೆ. ಆಮೇಲೆ ಬೆಳ್ಳಕ್ಕಿಗಳು ಗುಂಪಾಗಿ ಹಾರಿ ಬಂದವು. ತಿರುವಿನಲ್ಲಿ ಕೆಂಪು ನೊರೆಯ ಒಂದು ಸಾಲು ಕಂಡಿತು. ಓಡುತ್ತ ಬರಲಿಲ್ಲ ಅದು. ಒಣ ಎಲೆ, ಕಡ್ಡಿ, ಕುಳ್ಳು ಎಲ್ಲವನ್ನೂ ಮುಂದೆ ದೂಡಿಕೊಂಡು, ಸರಸರ ಎನ್ನುತ್ತ, ತಗ್ಗು ಕಂಡಲ್ಲಿ ನುಗ್ಗಿ, ದಿಬ್ಬ ಕಂಡಲ್ಲಿ ಸುತ್ತಿ ಬಂತು. “ಹೊಳಿ ಬಂತೋ” ಎಂದು ದಂಡೆಯುದ್ದಕ್ಕೂ ಕೂಗು ಎದ್ದಿತು. ಹೆಂಗಸರು ಇದ್ದಲ್ಲೇ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಅಪ್ಪ ಜೋಳಿಗೆ ಹೊತ್ತು ಹಾಗೆಯೇ ನಿಂತುಬಿಟ್ಟ. ಅರವತ್ತು ವರ್ಷದಲ್ಲಿ ಅವನು ಹೊಳೆ ಬರುವುದನ್ನು ನೋಡಿರಲಿಲ್ಲ. “ಶಿವಕಾಂತಾ, ನೀರು ನಡೀತದಲ್ಲಬೇ,” ಎಂದ ನನ್ನ ಕಡೆ ತಿರುಗಿ.

“ಯವ್ವಾ, ನನ್ನ ಕಾಯಿ,” ಎಂದಳು ಭಾಗ್ಯ.

ಮುತ್ಯಾ ಬಂದ ಮೇಲೆ ಅವನ ಎದುರೇ ಕೊಯ್ಯಬೇಕೆಂದು ಆ ಒಂದು ಕಾಯಿಯನ್ನು ಬಳ್ಳಿಯಲ್ಲೇ ಬಿಟ್ಟಿದ್ದಳು. ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದೆವು. ಕೊನೆಯ ಗುಣಿ ತಗ್ಗಿನಲ್ಲಿತ್ತು. ನಾವು ನೋಡುತ್ತಿದ್ದಂತೆ ನೀರು ಅದನ್ನು ಎತ್ತಿತು, ಬಳ್ಳಿ ಕಿತ್ತುಕೊಂಡಿತು, ಕಾಯಿ ತಿರುಗುತ್ತ ತೇಲಿತು. ಓಡಹೊರಟ ಭಾಗ್ಯಳ ತೋಳು ಹಿಡಿದೆ. ಅದೇ ಹೊತ್ತಿಗೆ ಆಚೆ ಬದಿಯಲ್ಲಿ ದಿಬ್ಬ ಕುಸಿದು ಅಪ್ಪನ ಚೀಲವೂ ನೀರಿಗೆ ಬಿತ್ತು. ರೊಟ್ಟಿಯ ಗಂಟು, ನೀರಿನ ಡಬ್ಬಿ ಎಲ್ಲ ಅದರಲ್ಲೇ.

“ಗೌಡ್ರ, ನಿಮ್ಮ ಚೀಲ,” ಎಂದು ಹುಸೇನಪೀರ ಕೂಗಿದ.

ಅಪ್ಪ ಜೋಳಿಗೆ ಕೆಳಗಿಟ್ಟು ನೀರಿಗೆ ಇಳಿದ. ಎಡಕ್ಕೆ ಚೀಲ, ಹತ್ತು ಮಾರು. ಬಲಕ್ಕೆ ಕಾಯಿ, ಅದೂ ಹತ್ತು ಮಾರು. ನೀರು ಮೊಣಕಾಲು ದಾಟಿತ್ತು. ಅವನು ಚೀಲದ ಕಡೆ ಎರಡು ಹೆಜ್ಜೆ ಹಾಕಿದ್ದನ್ನು ನಾನು ನೋಡಿದೆ. ಆಗ ಕಾಯಿ ಒಮ್ಮೆ ಹೊರಳಿ ಅಕ್ಷರಗಳು ಮೇಲೆ ಬಂದವು. ಅಪ್ಪ ನಿಂತ. ಓದಿದ. ಬಲಕ್ಕೆ ತಿರುಗಿದ.

ಈಜು ಬರದ ಮನುಷ್ಯ. ತೊಡೆಯವರೆಗೆ ನೀರಲ್ಲಿ, ಕೈ ಚಾಚಿ, ಹಸುಗೂಸನ್ನು ಎತ್ತಿಕೊಳ್ಳುವಂತೆ ಆ ಕಾಯಿಯನ್ನು ಎದೆಗೆ ಎತ್ತಿಕೊಂಡ. ಎತ್ತಿಕೊಂಡ ಮೇಲೆ ಕಾಲು ನಿಲ್ಲಲಿಲ್ಲ. ಹುಸೇನಪೀರ ಹಾರಿ ಅವನ ರಟ್ಟೆ ಹಿಡಿದ. “ಕಾಯಿ ಬಿಡ್ರಿ ಗೌಡ್ರ, ಕೈ ಕೊಡ್ರಿ.”

“ಕೈ ಖಾಲಿ ಇಲ್ಲೋ, ಹಂಗ ಎಳಿ.”

ಎಳೆದು ತಂದು ದಂಡೆಗೆ ಹಾಕಿದ. ಚೀಲ ಆಗಲೇ ಜಾಲಿಯ ಮರದ ತಿರುವು ದಾಟಿತ್ತು. ನಡೆದು ಬಂದ ದಾರಿಯ ಮೇಲೆ ದಂಡೆಯಿಂದ ದಂಡೆಗೆ ಕೆಂಪು ನೀರು.

ಅಪ್ಪ ಏದುಸಿರು ಬಿಡುತ್ತ ಕೂತ. ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಷರದ ಮೇಲೆ ಬೆರಳಾಡಿಸಿದ. ಭಾಗ್ಯ ಕುಡುಗೋಲು ಹಿಡಿದು ಅವನ ಎದುರು ನಿಂತಳು.

“ಕೊಯ್ಯಿ,” ಎಂದ ಅಪ್ಪ. “ನನ್ನ ಹೆಸರ ಇರೋ ತುಂಡ ನನಗ ಕೊಡು.”

ಒಳಗೆ ದಾಸವಾಳದ ಬಣ್ಣ. ರಸ ಮೀಸೆಯಿಂದ ಇಳಿದು ಒದ್ದೆ ಅಂಗಿಯ ಮೇಲೆ ಬಿತ್ತು. ಅವನು ಸಿಪ್ಪೆಯವರೆಗೆ ತಿಂದ, ಬೀಜವನ್ನು ಅಂಗೈಯಲ್ಲಿ ಉಗಿದು ಧೋತರದ ಚುಂಗಿನಲ್ಲಿ ಕಟ್ಟಿಕೊಂಡ. ಭಾಗ್ಯ ಇನ್ನೊಂದು ತುಂಡು ಕೊಟ್ಟಳು.

ಸಂಜೆ ಅತ್ತೆಯೇ ಅಡುಗೆ ಮನೆಯಲ್ಲಿ ಅವನಿಗೆ ಮಣೆ ಹಾಕಿದರು. ಅಪ್ಪ ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ, ಬಾಗಿಲು ದಾಟಿ ಒಳಗೆ ಬಂದು ಕೂತ. ನನ್ನ ಒಲೆಯನ್ನು ಅವನು ನೋಡಿದ್ದು ಅದೇ ಮೊದಲು. ಹೊಳೆಯ ಸದ್ದು ಹಿತ್ತಲ ಗೋಡೆಯ ಹಿಂದೆಯೇ ಇತ್ತು.

ಅತ್ತೆ ಸುಮ್ಮನಿರುವವರಲ್ಲ. “ಏನ್ರಿ ಬೀಗರ, ನಿಮ್ಮ ಮನೆತನದ ಪದ್ಧತಿ ಎಲ್ಲಿ ಹೋತ್ರಿ?”

“ಚೀಲದಾಗಿತ್ರಿ,” ಎಂದ ಅಪ್ಪ. “ಹೊಳಿ ಒಯ್ತು.”

ಭಾಗ್ಯ ನಗುತ್ತ ಅವನ ತೊಡೆಗೆ ಒರಗಿದಳು. ನಾನು ಮುಖ ತಿರುಗಿಸಿ ಹಿಟ್ಟು ನಾದಿದೆ. ಮೊದಲ ರೊಟ್ಟಿ ತಟ್ಟೆಗೆ ಹಾಕಿ, ಮೇಲೆ ಬೇಳೆ ಸುರಿದೆ. ಅವನು ತುತ್ತು ಬಾಯಿಗಿಟ್ಟು, ತಟ್ಟೆಯಲ್ಲಿದ್ದ ಬೇಳೆಯನ್ನು ಬೆರಳಿನಿಂದ ಹಿಸುಕಿ ನೋಡಿದ.

“ಬ್ಯಾಳಿ ಇಷ್ಟು ಮೆತ್ತಗ ಬೇಯ್ತದೇನು ಇಲ್ಲಿ?” ಎಂದ.

“ಹನ್ನೆರಡ ವರ್ಷದಿಂದ ಹಿಂಗ ಬೇಯಾಕತ್ತದ ಯಪ್ಪಾ,” ಎಂದೆ. ಎರಡನೇ ರೊಟ್ಟಿ ಬಡಿಯತೊಡಗಿದೆ.