ತೊಟ್ಟು ಒಣಗುವವರೆಗೆ

ಮೊದಲನೆಯ ಬಾಟಲಿಯ ಮುಚ್ಚಳ ತೆಗೆದು ಅತ್ತೆ ಮೂಗಿನ ಹತ್ತಿರ ಹಿಡಿದರು. ಮುಚ್ಚಿ ಪಕ್ಕಕ್ಕಿಟ್ಟು ಎರಡನೆಯದನ್ನು ತೆಗೆದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಮೂಸುವುದನ್ನು ಬಿಟ್ಟು, ಸುತ್ತಿದ್ದ ಕಂದು ಕಾಗದ ಬಿಚ್ಚಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ತಿಳಿಯಾಗಿರಬೇಕಾದ ಎಣ್ಣೆ ಮಬ್ಬಾಗಿತ್ತು. ತಳದಲ್ಲಿ ನೀರಿನ ಹನಿಗಳು ನಿಂತಿದ್ದವು. ಮೇಲೆ ತೇಲಿದ ಹೂಗಳಿಗೆ ಬೂದುಬಣ್ಣದ ಬೂಸ್ಟು ಹಿಡಿದಿತ್ತು. ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ, ಪಟ್ಟಿ ಸುತ್ತಿದ ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದಳು.

"ಒಂಬತ್ತೂ ಹೋಯ್ತು" ಎಂದರು ಅತ್ತೆ. ಚಮಚದಲ್ಲಿ ಒಂದು ಹೂ ಎತ್ತಿ, ಬುಡದ ಹಸಿರು ತೊಟ್ಟನ್ನು ಉಗುರಿನಿಂದ ಒತ್ತಿದರು. ಎಣ್ಣೆಯ ಜೊತೆಗೆ ನೀರೂ ಜಿನುಗಿತು. "ಎಸಳು ಒಣಗಿದೆ, ತೊಟ್ಟು ಹಸಿ ಇದೆ. ಎಲ್ಲಿ ಒಣಗಿಸಿದೆ ಇದನ್ನ?"



ಈ ಅತ್ತೆ ಸಾಮಾನ್ಯರಲ್ಲ. ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಸೋಪಿನ ಪುಡಿ, ಬ್ಲೀಚು, ಬಿಸಿನೀರು ಮೂರೂ ಸೇರಿ ಅಲ್ಲಿನವರ ಕೈಯನ್ನು ಬಿರಿದು ಹಾಕುತ್ತಿದ್ದವು. ಎಲ್ಲರೂ ಹಣೆಬರಹ ಎಂದು ಸುಮ್ಮನಿದ್ದಾಗ ಇವರು ಎಲ್ಲಿಂದಲೋ ಒಂದು ಬೀಜದ ಪೊಟ್ಟಣ ತಂದರು. ಪೊಟ್ಟಣದ ಮೇಲೆ ಕ್ಯಾಲೆಂಡುಲಾ ಎಂದಿತ್ತು. ಸೇವಂತಿಗೆಗೆ ದೂರದ ನೆಂಟ. ಕಿತ್ತಳೆ ಬಣ್ಣದ ದುಂಡು ಹೂ, ಮುಟ್ಟಿದರೆ ಬೆರಳಿಗೆ ಅಂಟು. ಆ ಹೆಸರು ಲಾಂಡ್ರಿಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಅಂಟುಹೂ ಎಂದು ಕರೆದರು, ಅದೇ ನಿಂತಿತು.

ನೆಡುವುದಕ್ಕೆ ನೆಲವೆಲ್ಲಿತ್ತು? ಲಾಂಡ್ರಿಯ ಹಿಂದಿನ ಅಂಗಳವೆಲ್ಲ ಸಿಮೆಂಟು. ಕೆಟ್ಟು ಮೂಲೆಗೆ ಬಿದ್ದಿದ್ದ ವಾಷಿಂಗ್ ಮೆಷಿನ್ನುಗಳ ಹೊಟ್ಟೆಯೊಳಗಿನ ಸ್ಟೀಲ್ ಡ್ರಮ್ಮುಗಳನ್ನು ಬಿಚ್ಚಿಸಿ, ಮಣ್ಣು ತುಂಬಿಸಿ, ಬಿಸಿಲು ಬೀಳುವ ಗೋಡೆಗೆ ಸಾಲಾಗಿ ಇಡಿಸಿದರು. ಡ್ರಮ್ಮಿನ ಮೈತುಂಬ ತೂತು, ನೀರು ನಿಲ್ಲುವ ಮಾತೇ ಇಲ್ಲ. ಕಾಸಿನ ಖರ್ಚಿಲ್ಲದ ಈ ಕುಂಡಗಳನ್ನು ನೋಡಿ ನಕ್ಕವರೇ ಮರುವರ್ಷ ಖಾಲಿ ಡಬ್ಬಿ ಹಿಡಿದು ಅವರ ಮುಂದೆ ನಿಂತರು. ನಿವೃತ್ತಿಯಾಗಿ ಆರು ವರ್ಷವಾದರೂ ಅಂಗಳದ ಬೀಗದ ಕೈ ಇನ್ನೂ ಅತ್ತೆಯ ಬಳಿಯೇ ಇದೆ. ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಇಬ್ಬನಿ ಪೂರ್ತಿ ಆರಿದ ಮೇಲೆ, ನಡು ಮಧ್ಯಾಹ್ನಕ್ಕೆ ಅವರು ಹೂ ಬಿಡಿಸುವುದನ್ನು ನೋಡಬೇಕು. ಎರಡು ಬೆರಳ ನಡುವೆ ಹೂವಿನ ಕತ್ತು ಹಿಡಿದು ಚಟಕ್ಕನೆ ಮೇಲೆತ್ತುತ್ತಾರೆ. ಗಿಡ ಅಲುಗುವುದೂ ಇಲ್ಲ. ಎರಡು ದಿನಕ್ಕೊಮ್ಮೆ ಬಿಡಿಸದಿದ್ದರೆ ಗಿಡ ಬೀಜಕ್ಕೆ ಹೋಗುತ್ತದೆ ಎಂದು ಜ್ವರ ಬಂದರೂ ತಪ್ಪಿಸಿದವರಲ್ಲ. ಆಮೇಲೆ ಹಳೆಯ ಬೆಡ್‌ಶೀಟು ಬಿಗಿದ ಚೌಕಟ್ಟಿನ ಮೇಲೆ, ನೆರಳಿನಲ್ಲಿ, ಹತ್ತು ಹನ್ನೆರಡು ದಿನ ಒಣಗಬೇಕು. ನಲವತ್ತು ದಿನ ಎಣ್ಣೆಯಲ್ಲಿ ನೆನೆಯಬೇಕು. ಸೋಸಿ, ಜೇನುಮೇಣ ಕರಗಿಸಿ ಸೇರಿಸಿದರೆ ಮುಲಾಮು. ಹದಿನೆಂಟು ಜನರ ಕೈ ಚಳಿಗಾಲ ದಾಟುವುದು ಇದರಿಂದಲೇ.

ಈ ಸಲ ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಗಳ ಮನೆಗೆ ಹೋಗಿ ಒಂದು ತಿಂಗಳು ಅಲ್ಲೇ ಉಳಿದರು. ದೊಡ್ಡ ಕೊಯ್ಲು ಸೊಸೆಯ ಪಾಲಿಗೆ ಬಂತು. ಅದೇ ಲಾಂಡ್ರಿಯಲ್ಲಿ ಬಿಳಿ ಬೆಡ್‌ಶೀಟು ಮಡಚುವ ಮೇಜಿನವಳು ಅವಳು. ಚಳಿ ಶುರುವಾಗುವ ಮೊದಲೇ ಅವಳ ಬೆರಳ ತುದಿಗಳು ಬಿರಿಯತೊಡಗಿದ್ದವು, ಹಳೆಯ ಡಬ್ಬಿಯೂ ಬರಿದಾಗಿತ್ತು. ಕೈಗವಸು ಹಾಕಿದರೆ ಬಟ್ಟೆ ಜಾರುತ್ತದೆ, ಒದ್ದೆ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಬೇಗ ಆಗಲಿ ಎಂಬ ಆತುರದಲ್ಲಿ ಅವಳು ಹೂವಿನ ಚೌಕಟ್ಟುಗಳನ್ನು ಲಾಂಡ್ರಿಯ ಒಣಗಿಸುವ ಕೋಣೆಗೆ ಹೊತ್ತುಕೊಂಡು ಹೋಗಿ, ತೂಗುಹಾಕಿದ ಬೆಡ್‌ಶೀಟುಗಳ ಕೆಳಗೆ ಇಟ್ಟುಬಿಟ್ಟಳು. ಮಧ್ಯಾಹ್ನ ಇಟ್ಟ ಹೂ ಸಂಜೆಗೆ ಗರಿಗರಿಯಾಗಿತ್ತು. ಖುಷಿಯಿಂದ ಬಾಟಲಿಗೆ ತುಂಬಿ ಎಣ್ಣೆ ಸುರಿದಳು. ಅತ್ತೆ ಫೋನಿನಲ್ಲಿ, "ತೊಟ್ಟು ಮುರಿದು ನೋಡಿದ್ಯಾ?" ಎಂದು ಕೇಳಿದಾಗ, "ನೋಡ್ದೆ ಅತ್ತೆ" ಎಂದಿದ್ದಳು.

ಹೋದ ಸೋಮವಾರ ಅವಳು ಮಡಚಿದ ಬೆಡ್‌ಶೀಟಿನ ಮೂಲೆಯಲ್ಲಿ ಸಾಸಿವೆಯಷ್ಟು ರಕ್ತ ಸಿಕ್ಕಿತು. ಸಿಕ್ಕಿದ್ದು ಸೂಪರ್‌ವೈಸರಿಗೆ. ಕಲೆ ಹುಡುಕುವುದರಲ್ಲಿ ಅವರ ಕಣ್ಣು ಎಷ್ಟು ಚುರುಕೆಂದರೆ ಹಿಂದಿನಿಂದ ಎಲ್ಲರೂ ಅವರನ್ನು ಚುಕ್ಕೆ ಸಾಹೇಬರು ಎನ್ನುತ್ತಿದ್ದರು. "ಆಸ್ಪತ್ರೆ ಬಟ್ಟೆ ಇದು" ಎಂದಿದ್ದರು ಸಾಹೇಬರು, ದನಿ ಎತ್ತರಿಸದೆ. "ತಿಂಗಳ ಕೊನೆಯೊಳಗೆ ಕೈ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಆ ಮೇಜಿಗೆ ಬೇರೆಯವರನ್ನ ತಗೋಬೇಕಾಗುತ್ತೆ."

ಅವಳು ನಂಬಿಕೊಂಡಿದ್ದದ್ದು ಈ ಒಂಬತ್ತು ಬಾಟಲಿಗಳನ್ನು.

"ಒಣಗಿಸೋ ರೂಮಲ್ಲಿ ಇಟ್ಟಿದ್ದೆ" ಎಂದಳು ಕೊನೆಗೆ. "ಬೆಡ್‌ಶೀಟ್ ಕೆಳಗೆ."

ಅತ್ತೆ ಅವಳನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು. "ಲಾಂಡ್ರಿಯವರಿಗೆ ಬಿಟ್ರೆ ಇನ್ಯಾರಿಗೂ ಈ ಬುದ್ಧಿ ಬರಲ್ಲ. ನಾನೂ ಮೊದಲನೇ ವರ್ಷ ಮಾಡಿದ್ದು ಇದನ್ನೇ. ಬಟ್ಟೆ ಎಲ್ಲಾ ಕಡೆ ಒಂದೇ ಸಮ ಒಣಗುತ್ತೆ ಕಣೇ, ಹೂವು ಹಾಗಲ್ಲ."

"ಮೇಲಿನ ಬೂಸ್ಟು ತೆಗೆದು, ಕುದಿಸಿ, ಚೆನ್ನಾಗಿ ಸೋಸಿದ್ರೆ..."

"ಕೈ ಕೊಡು ಇಲ್ಲಿ." ಅತ್ತೆ ಅವಳ ಹೆಬ್ಬೆರಳಿನ ಪಟ್ಟಿ ಬಿಚ್ಚಿದರು. ಬಿರುಕು ಕೆಂಪಗೆ ಬಾಯಿ ತೆರೆದುಕೊಂಡಿತ್ತು. "ಇದರೊಳಗೆ ಆ ಎಣ್ಣೆ ಹಚ್ಕೋತೀಯಾ? ಇಲ್ಲ ತಾನೆ? ಮತ್ತೆ ಇನ್ನೊಬ್ಬರ ಕೈಗೆ ಹೇಗೆ ಕೊಡೋದು?" ಪಟ್ಟಿಯನ್ನು ಮತ್ತೆ ಮೆತ್ತಗೆ ಸುತ್ತಿದರು. "ಹೂ ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಮುರಿದು ನೋಡ್ದೆ ಅಂದ್ಯಲ್ಲ, ಅದು ಬೇಜಾರಾಯ್ತು."

ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಎಂದುಕೊಂಡಳು ಸೊಸೆ. ಆರು ವಾರದ ಎಣ್ಣೆಯನ್ನು ಅತ್ತೆ ಹಳೆಯ ಬಕೆಟ್ಟಿಗೆ ಸುರಿದು, ಒಂಬತ್ತು ಬಾಟಲಿಗಳನ್ನೂ ಬಿಸಿನೀರಿಗೆ ಹಾಕಿದರು.

ಶನಿವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಲ್ಲರೂ ಡಬ್ಬಿ ಹಿಡಿದು ಹಿಂದಿನ ಅಂಗಳಕ್ಕೆ ಬಂದರು. ಸಾಲಿನ ಕೊನೆಯಲ್ಲಿ, ಯಾರಿಗೂ ಕಾಣದ ಹಾಗೆ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಚುಕ್ಕೆ ಸಾಹೇಬರೂ ನಿಂತಿದ್ದರು. ಅವರ ಹಿಮ್ಮಡಿ ಒಡೆಯುವುದು ಇಡೀ ಲಾಂಡ್ರಿಗೆ ಗೊತ್ತಿತ್ತು.

"ಈ ಸಲ ಮುಲಾಮು ಇಲ್ಲ" ಎಂದರು ಅತ್ತೆ. "ಎಣ್ಣೆ ಕೆಟ್ಟುಹೋಯ್ತು."

ಮೂವತ್ತು ವರ್ಷದಲ್ಲಿ ಹೀಗೆ ಆದದ್ದು ಯಾರಿಗೂ ನೆನಪಿರಲಿಲ್ಲ. ಟವೆಲ್ ಮೇಜಿನ ಹಿರಿಯಳೊಬ್ಬಳು, ಎಲ್ಲರೂ ಟವೆಲಕ್ಕ ಎನ್ನುತ್ತಿದ್ದವಳು, ಮರುಕದಿಂದ ಕೇಳಿದಳು: "ಕಣ್ಣು ಸರಿಯಾಗಿ ಕಾಣ್ದೆ ಹೆಚ್ಚುಕಮ್ಮಿ ಆಯ್ತೇನೋ, ಅಲ್ವಾ ದೊಡ್ಡಮ್ಮ? ಪಾಪ, ವಯಸ್ಸೂ ಆಯ್ತು."

"ಇರಬಹುದು" ಎಂದರು ಅತ್ತೆ, ಡ್ರಮ್ಮಿನ ಗಿಡದಿಂದ ಒಣ ಎಲೆಯೊಂದನ್ನು ಕಿತ್ತುಹಾಕುತ್ತ.

ಸೊಸೆಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎರಡು ದಿನಕ್ಕೊಮ್ಮೆ, ಮೂವತ್ತು ವರ್ಷ, ಆ ಮೊದಲನೆಯ ವರ್ಷ ಬಿಟ್ಟರೆ ಒಂದು ಹೂವನ್ನೂ ಕೆಡಿಸದ ಆ ಕೈಯ ಮೇಲೆ ತನ್ನ ತಪ್ಪು ಹೋಗಿ ಕೂರುತ್ತಿತ್ತು.

"ಅತ್ತೆಯದ್ದಲ್ಲ, ನನ್ನದು" ಎಂದಳು. "ಹೂವನ್ನ ಒಣಗಿಸೋ ರೂಮಲ್ಲಿ ಇಟ್ಟೆ. ತೊಟ್ಟು ಮುರಿದು ನೋಡಲಿಲ್ಲ. ನೋಡಿದೀನಿ ಅಂತ ಸುಳ್ಳು ಹೇಳ್ದೆ."

ಟವೆಲಕ್ಕ ಒಮ್ಮೆ ಅವಳ ಮುಖ, ಒಮ್ಮೆ ಅವಳ ಬೆರಳು ನೋಡಿದಳು. "ಅದಕ್ಕೇ ಅವತ್ತು ಬೆಡ್‌ಶೀಟೆಲ್ಲ ಹೂವಿನ ವಾಸನೆ ಬರ್ತಿತ್ತು. ಹೋಟೆಲಿನವರು ಹೊಸ ಸೋಪು ಯಾವುದು ಅಂತ ಕೇಳಿದ್ರಂತೆ." ಯಾರೋ ಕಿಸಕ್ಕೆಂದರು. ನಗು ಸಾಲಿನುದ್ದಕ್ಕೂ ಹರಿಯಿತು. ಸೊಸೆಗೆ ಮಾತ್ರ ಕಣ್ಣು ತುಂಬಿ ಬಂತು.

ಅತ್ತೆ ಆಗಲೇ ಬುಟ್ಟಿ ಎತ್ತಿಕೊಂಡಿದ್ದರು. ಮಗಳ ಮನೆಯಿಂದ ಬಂದಾಗಿನಿಂದ ಗಿಡಗಳನ್ನು ಸವರಿ, ಬಾಡಿದ್ದನ್ನೆಲ್ಲ ಚಿವುಟಿ ಅವರು ಮತ್ತೆ ಹೂ ಬರಿಸಿದ್ದರು. "ಮೂರು ಬಾಟಲಿಗಾಗುವಷ್ಟಿದೆ. ತಲೆಗೆ ಅರ್ಧ ಡಬ್ಬಿ ಬರುತ್ತೆ. ಬನ್ನಿ, ಬಿಸಿಲಿದೆ." ಆಮೇಲೆ ಸಾಲಿನ ಕೊನೆಗೆ ತಿರುಗಿದರು. "ಏನಪ್ಪಾ, ಮುಲಾಮು ಆಗೋಕೆ ಹತ್ತಿರ ಹತ್ತಿರ ಎರಡು ತಿಂಗಳು ಬೇಕು. ಅಲ್ಲಿವರೆಗೆ ಇವಳನ್ನ ಆ ಮೆರೂನ್ ಟವೆಲಿಗೆ ಹಾಕು. ಅದರಲ್ಲಿ ಚುಕ್ಕೆ ನಿನ್ನ ಕಣ್ಣಿಗೂ ಬೀಳಲ್ಲ."

"ಅವು ಹೋಟೆಲಿನವು" ಎಂದು ಸಾಹೇಬರು ರಾಗ ಎಳೆದರು.

"ಪಟ್ಟಿ ಬಿಗಿಯಾಗಿ ಸುತ್ಕೊಂಡು ಮಡಚ್ತಾಳೆ. ಟವೆಲ್ ಜಾರಲ್ಲ, ಒರಟು ಬಟ್ಟೆ, ಕೈಗವಸು ಬೇಕಾದ್ರೂ ಹಾಕ್ಕೋಬಹುದು."

"ಬಿಳಿ ನಾನು ಮಡಚ್ತೀನಿ" ಎಂದಳು ಟವೆಲಕ್ಕ. "ಹದಿನೆಂಟು ವರ್ಷದಿಂದ ಮೆರೂನ್ ನೋಡಿ ನೋಡಿ ನನ್ನ ಕನಸೂ ಮೆರೂನ್ ಆಗೋಗಿದೆ."

ಸಾಹೇಬರು ಜೇಬಿನೊಳಗಿನ ಡಬ್ಬಿಯನ್ನು ತಿರುಗಿಸಿದರು. "ಎರಡು ತಿಂಗಳು. ಅದರ ಮೇಲೆ ಒಂದು ದಿನಾನೂ ಇಲ್ಲ ದೊಡ್ಡಮ್ಮ. ಆಮೇಲೆ ಬಿಳಿ ಮೇಜಿಗೆ ಬರೋ ಕೈ ಬೇಕು ನಂಗೆ." ಹಾಗೆಂದವರೇ ಒಂದು ಡ್ರಮ್ಮಿನ ಮುಂದೆ ಕೂತು, ಅತ್ತೆ ಬಿಡಿಸಿದ ಹಾಗೇ ಬಿಡಿಸಲು ಹೋಗಿ, ಅರ್ಧ ಗಿಡವನ್ನೇ ಕಿತ್ತುಕೊಂಡು ಬೈಸಿಕೊಂಡರು.

ಈ ಸಲ ಚೌಕಟ್ಟುಗಳು ಮನೆಯ ಹಿಂದಿನ ಕೋಣೆಯ ನೆರಳಿನಲ್ಲಿ ಕೂತವು. ಸೊಸೆ ದಿನಾ ಬೆಳಿಗ್ಗೆ ಹೂಗಳನ್ನು ಮಗುಚಿಹಾಕಿ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬಂದು ಮತ್ತೆ ಮಗುಚುತ್ತಿದ್ದಳು. ದಿನಗಳ ಲೆಕ್ಕ ಅವಳ ತಲೆಯೊಳಗೆ ಸದಾ ಓಡುತ್ತಿತ್ತು. ಒಣಗುವುದಕ್ಕೆ ಹನ್ನೆರಡು, ಎಣ್ಣೆಗೆ ನಲವತ್ತು. ಉಳಿಯುವುದು ಎಂಟು. ಆ ಎಂಟು ದಿನದಲ್ಲಿ ಹಚ್ಚಿಕೊಂಡು ಬೆರಳು ಕೂಡಬೇಕು. ಹವೆಯೋ ತಂಡಿ, ಮೋಡ ಕವಿದ ನಾಲ್ಕು ದಿನ ಎಸಳುಗಳೂ ಮೆತ್ತಗಾಗಿದ್ದವು.

ಹನ್ನೆರಡನೆಯ ದಿನ ಬೆಳಿಗ್ಗೆ ಬಾಟಲಿಗಳು ತೊಳೆದು ಒಣಗಿ ಮೇಜಿನ ಮೇಲೆ ಸಿದ್ಧವಾಗಿದ್ದವು. ಅತ್ತೆ ಎಣ್ಣೆಯ ಡಬ್ಬವನ್ನು ಪಕ್ಕದಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಸೊಸೆ ಚೌಕಟ್ಟಿನ ಮೇಲೆ ಕೈಯಾಡಿಸಿದಳು. ಹೂಗಳು ಸರಸರ ಸದ್ದು ಮಾಡಿದವು. ಎಸಳು ಮುಟ್ಟಿದರೆ ಪುಡಿಯಾಗುವಂತಿತ್ತು. ನಡುವಿನಿಂದ ದಪ್ಪದೊಂದು ಹೂ ಆರಿಸಿ, ಹೆಬ್ಬೆರಳಿನ ಪಟ್ಟಿ ಬಿಚ್ಚಿ, ಉಗುರನ್ನು ತೊಟ್ಟಿಗೆ ಒತ್ತಿದಳು. ಬಿರುಕಿಗೆ ಒತ್ತಡ ತಾಗಿ ಚುರ್ ಎಂದಿತು. ತೊಟ್ಟು ಮುರಿಯಲಿಲ್ಲ, ಬಾಗಿತು. ಇನ್ನೊಂದು ಆರಿಸಿ ಒತ್ತಿದಳು. ಅದೂ ಬಾಗಿತು.

ಕಿಟಕಿಯ ಕಡೆ ನೋಡಿದಳು. ಹೊರಗೆ ಮೋಡ ಹಾಗೇ ಇತ್ತು.

"ಇನ್ನೂ ಆಗಿಲ್ಲ ಅತ್ತೆ" ಎಂದಳು. "ಇನ್ನೆರಡು ದಿನ ಬೇಕು. ಮೂರೂ ಆಗಬಹುದು."

ಅತ್ತೆ ಮಡಿಲಿನಲ್ಲಿ ಮುಚ್ಚಿಕೊಂಡಿದ್ದ ಅಂಗೈ ತೆರೆದರು. ಅದರಲ್ಲಿ ಅವರು ಯಾವಾಗಲೋ ಒತ್ತಿ ನೋಡಿದ್ದ ಒಂದು ಹೂವಿತ್ತು, ತೊಟ್ಟು ಬಾಗಿತ್ತು, ಮುರಿದಿರಲಿಲ್ಲ. ಅದನ್ನು ಚೌಕಟ್ಟಿನ ಮೇಲೆ ಉಳಿದವುಗಳ ಜೊತೆ ಹಾಕಿ, ಎಣ್ಣೆಯ ಡಬ್ಬ ಎತ್ತಿಕೊಂಡು ಒಳಗೆ ಹೋದರು. ಸೊಸೆ ಹೂಗಳನ್ನು ಒಂದೊಂದಾಗಿ ಮಗುಚತೊಡಗಿದಳು, ತೊಟ್ಟು ಮೇಲಕ್ಕೆ ಬರುವ ಹಾಗೆ.